ಕಡೆಯ ನುಡಿಯಲ್ಲಿ ನನ್ನ ಹೆಸರು

ಇಳಕಲ್
೧೨ ಫೆಬ್ರುವರಿ ೧೯೮೪

ಹರದೇಶಿ ಮೇಳದ ಅಮಸಿದ್ದಪ್ಪನವರಿಗೆ ನಾಗೇಶಿ ಮೇಳದ ಬೋರವ್ವನ ನಮಸ್ಕಾರ.

ಇಷ್ಟು ವರ್ಷ ಕಾಗದದ ತಲೆಗೆ ‘ಅಣ್ಣ’ ಎಂದು ಬರೆಯುತ್ತಿದ್ದೆ. ಈ ಸಲ ಬರೆಯಲು ಮನಸ್ಸು ಬರಲಿಲ್ಲ.

ನಿಮ್ಮ ಕ್ಯಾಸೆಟ್ಟು ನಮ್ಮೂರಿಗೂ ಬಂದಿದೆ. ಬಸ್ ಸ್ಟ್ಯಾಂಡಿನ ಹೋಟೆಲಿನವನು ಮಿರ್ಚಿ ಭಜಿಯ ಎಣ್ಣೆ ಕಾಯುವ ಮೊದಲೇ ಅದನ್ನು ಹಚ್ಚುತ್ತಾನೆ. ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಸಪ್ಪಳದ ಮೇಲೂ ಅದೇ ಕೇಳುತ್ತದೆ. ಜೀವಮಾನವಿಡೀ ಪದ ಕಟ್ಟಿದ ಮನುಷ್ಯ ಮುದುಕನಾದ ಮೇಲೆ ಒಂದು ಕ್ಯಾಸೆಟ್ಟು ಮಾಡಿದ, ಜನ ಮುಗಿಬಿದ್ದು ಕೇಳುತ್ತಿದ್ದಾರೆ ಎಂದು ನಾನೂ ಸಂತೋಷಪಟ್ಟಿದ್ದೆ. ಖರೆ ಹೇಳುತ್ತೇನೆ, ಸಂತೋಷಪಟ್ಟಿದ್ದೆ. ಪೂರ್ತಿ ಕೇಳಿರಲಿಲ್ಲ ಅಷ್ಟೆ.

ನಿನ್ನೆ ಬಾಗಲಕೋಟೆಯ ಗಂಟಲ ಡಾಕ್ಟರರ ಹತ್ತಿರ ಹೋಗಲು ನಾನೂ ನನ್ನ ತಂಗಿಯ ಮಗಳು ಸಿದ್ದವ್ವನೂ ಬಸ್ಸಿಗೆ ಕಾಯುತ್ತಿದ್ದೆವು. ಆಗ ಕ್ಯಾಸೆಟ್ಟಿನ ಕಡೆಯ ಹಾಡು ಬಂತು. ದೀಪಾವಳಿಯ ಹೊತ್ತಿನಲ್ಲಿ ಹುನಗುಂದದ ಕೂಟದಲ್ಲಿ ನೀವು ನನಗೆ ಹಾಕಿದ ಸವಾಲು.

ನೆತ್ತರ ಕೊಟ್ಟಾಳ ತಾಯಿ, ಎಲುಬ ಕೊಟ್ಟಾಳ ತಾಯಿ,
ಎದಿಹಾಲ ಕೊಟ್ಟಾಳ ಖರೆ ಮಾತ,
ಕೂಸಿನ ಮೊದಲಿನ ಅಳುವಿಗಿ ದನಿಯ
ಕೊಟ್ಟವರ್ಯಾರ ಹೇಳ ನಿಂತ.

ಹಾಕಿದವರು ನೀವು, ಕೇಳಿಸಿಕೊಂಡವಳು ನಾನು. ಅಂದು ಜವಾಬು ಹೇಳಲು ಎದ್ದು ನಿಂತೆ, ಕೈ ದಪ್ಪು ಬಾರಿಸುತ್ತಲೇ ಇತ್ತು, ದನಿಯೇ ಹೊರಡಲಿಲ್ಲ. ಮುಂದಿನ ಕೂಟದಲ್ಲಿ ಹೇಳುತ್ತೇನೆಂದು ಕೈಸನ್ನೆಯಲ್ಲಿ ವಾಯಿದೆ ಕೇಳಿದೆ, ಹಿರಿಯರು ಕೊಟ್ಟರು. ಅದು ನಮ್ಮಿಬ್ಬರ ನಡುವಿನ ವ್ಯವಹಾರ. ಅದನ್ನೇಕೆ ಕ್ಯಾಸೆಟ್ಟಿಗೆ ಹಾಡಿದಿರಿ ಎಂದು ಯೋಚಿಸುತ್ತಿರುವಾಗಲೇ ಹಾಡು ಮುಂದುವರಿಯಿತು.

ದನಿಯ ಕೊಟ್ಟಾನ ಶಿವ, ಕಿವಿಯ ಕೊಟ್ಟಾಳ ಶಕ್ತಿ,
ಕೇಳವರಿಲ್ಲದ ದನಿ ಯಾತಕ,
ಎರಡೂ ಸಮ ಅಂತ ಇಳಕಲ್ಲ ಬೋರವ್ವ
ಕೈಯ ಮುಗಿದಾಳ ಹರದೇಶಿ ಮ್ಯಾಳಕ.

“ಭಲೇ!” ಎಂದ ಹೋಟೆಲಿನವ. ಭಜಿ ತಿನ್ನುತ್ತಿದ್ದ ಒಬ್ಬ, “ಸವಾಲೂ ಮುದುಕಂದ, ಜವಾಬೂ ಮುದುಕಂದ. ಆಕಿಗಿ ಬರದಿದ್ದದ್ದನ್ನ ತಾನ ಹೇಳಿಕೊಟ್ಟಾನ ನೋಡ್ರಿ. ದೊಡ್ಡ ಮನಸ ಬೇಕ ಇದಕ್ಕ” ಎಂದ. ನಾನು ಅವನ ಪಕ್ಕದ ಬಾಕಿನ ಮೇಲೆ ಕೂತಿದ್ದೆ. ತಿರುಗಿ ನಾಲ್ಕು ಮಾತು ಬೈಯಬೇಕೆಂದು ಬಾಯಿ ತೆರೆದೆ, ಬರೀ ಗಾಳಿ ಬಂತು. ಸಿದ್ದವ್ವ ಸೆರಗು ಹಿಡಿದು ನನ್ನನ್ನು ಕೂಡಿಸಿದಳು.

ಗಂಡು ಹೆಚ್ಚೆನ್ನುವುದು ನಿಮ್ಮ ಹರದೇಶಿ, ಹೆಣ್ಣು ಹೆಚ್ಚೆನ್ನುವುದು ನನ್ನ ನಾಗೇಶಿ. ಹರೆಯದಿಂದ ಊರೂರು ತಿರುಗಿ ಜನರೆದುರು ಜಗಳಾಡಿದೆವು, ಹಾಡು ಮುಗಿದ ಮೇಲೆ ಒಂದೇ ಬುತ್ತಿ ಬಿಚ್ಚಿದೆವು. ನಾನು ಸೋತದ್ದಿದೆ, ನೀವು ಸೋತದ್ದಿದೆ. ಆದರೆ ನನ್ನ ಹೆಸರಿಟ್ಟುಕೊಂಡು ನನ್ನ ಮಾತನ್ನು ಬೇರೆಯವರು ಆಡಿರಲಿಲ್ಲ. ಕಡೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರಬೇಕು. ಅಲ್ಲಿ ನನ್ನ ಹೆಸರು ಯಾಕೆ ಬಂತು? ಕೈ ಮುಗಿದವಳು ಯಾರು? ನಾನಂತೂ ಮುಗಿದಿಲ್ಲ.

ಇದಕ್ಕೆ ಉತ್ತರ ಬರೆಯಿರಿ.

ಬೋರವ್ವ


ಬಾದಾಮಿ
೨೦ ಫೆಬ್ರುವರಿ ೧೯೮೪

ತಂಗಿ ಬೋರವ್ವನಿಗೆ ಅಮಸಿದ್ದಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಗಂಟಲು ಕೆಟ್ಟರೂ ನಾಲಿಗೆ ಕೆಟ್ಟಿಲ್ಲವಲ್ಲ ಎಂದು ಸಮಾಧಾನವಾಯಿತು. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ.

ಆದದ್ದನ್ನು ಹೇಳುತ್ತೇನೆ, ಕೇಳು. ಬಾಗಲಕೋಟೆಯಲ್ಲಿ ಟೇಪಿನ ಅಂಗಡಿ ಇಟ್ಟಿರುವ ಇಮಾಮಹುಸೇನ ಮನೆಗೇ ಬಂದು, “ಕಾಕಾ, ನೀ ಹೋದ್ರ ಪದಾನೂ ನಿನ್ನ ಕೂಡ ಹೊಕ್ಕಾವು. ಬಾ, ತುಂಬಿಡೂಣು” ಎಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆಲ್ಲ ಕಂಬಳಿ ಬಡಿದು ನನ್ನನ್ನು ಕೂಡಿಸಿದ. ಎದುರಿಗೆ ಒಬ್ಬ ಮನುಷ್ಯನಿಲ್ಲ, ಯಂತ್ರವೊಂದೇ. ಜನರಿಲ್ಲದೆ ಹಾಡುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಹಳೆಯದು ಹೊಸದು ಎಲ್ಲ ಹಾಡಿದ ಮೇಲೆ ಸ್ವಲ್ಪ ಟೇಪು ಉಳಿಯಿತು. ಹುನಗುಂದದ ಸವಾಲು ಬಾಯಿಗೆ ಬಂತು, ಹಾಡಿಬಿಟ್ಟೆ.

ಸವಾಲು ಹಾಡಿ ಜವಾಬಿಲ್ಲದೆ ಬಿಟ್ಟರೆ ಕೇಳಿದವರು ಏನೆನ್ನುತ್ತಾರೆ? ಬೋರವ್ವ ಸೋತಳು ಎನ್ನುತ್ತಾರೆ. ಹಾಗೆನ್ನುವ ಬಾಯಿಗಳು ನಮ್ಮ ಬಾದಾಮಿಯ ಸಂತೆಯಲ್ಲಿ ಆಗಲೇ ಇದ್ದವು. ದನಿ ಬಿತ್ತು, ಇನ್ನು ಆಕೆಯ ಕಥೆ ಮುಗಿಯಿತು ಎನ್ನುತ್ತಿದ್ದರು. ಅದನ್ನು ಕೇಳಲಾರದೆ ನಾನೇ ಒಂದು ಜವಾಬು ಕಟ್ಟಿ ಅದಕ್ಕೆ ನಿನ್ನ ಹೆಸರು ಹಾಕಿದೆ. ನಾಗೇಶಿಯ ಜವಾಬಿಗೆ ಹರದೇಶಿಯ ಹೆಸರು ಹಾಕಲಾಗುತ್ತದೆಯೇ? ಕೈ ಮುಗಿದದ್ದು ಪ್ರಾಸಕ್ಕೆ ಬಂತು. ‘ಯಾತಕ’ ಎಂದ ಮೇಲೆ ‘ಮ್ಯಾಳಕ’ ಬಾರದೆ ಇನ್ನೇನು ಬರುತ್ತದೆ, ನೀನೇ ಹೇಳು.

ಜನರಿಗೆ ಆ ಹಾಡೇ ಹೆಚ್ಚು ಹಿಡಿಸಿದೆ, ತಂಗಿ. ಶನಿವಾರ ತುಳಸಿಗೇರಿಗೆ ಹೋಗುವ ಬಸ್ಸಿನ ಡ್ರೈವರು ಅದೊಂದನ್ನೇ ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಹಚ್ಚುತ್ತಾನಂತೆ. ವಿದ್ಯಾಗಿರಿಯ ಕಾಲೇಜಿನ ಮಾಸ್ತರರೊಬ್ಬರು, ಹರದೇಶಿ ನಾಗೇಶಿಗಳ ಶತಮಾನದ ವ್ಯಾಜ್ಯವನ್ನು ನೀವು ಬಗೆಹರಿಸಿದಿರಿ ಎಂದು ಕಾಗದ ಬರೆದಿದ್ದಾರೆ. ನಾನೂ ಮನುಷ್ಯನೇ. ಓದಿ ಎದೆ ಉಬ್ಬಿತು. ಇಬ್ಬರ ಹೆಸರೂ ಒಂದೇ ಹಾಡಿನಲ್ಲಿ ಉಳಿಯಿತು ಎಂದುಕೊಂಡೆ.

ಡಾಕ್ಟರರು ಏನೆಂದರು? ನೀನು ಎಲ್ಲ ಬರೆದೆ, ಅದೊಂದನ್ನು ಬಿಟ್ಟೆ.

ನಿನ್ನ ಅಣ್ಣ,
ಅಮಸಿದ್ದಪ್ಪ


ಇಳಕಲ್
೪ ಮಾರ್ಚ್ ೧೯೮೪

ಅಣ್ಣನವರಿಗೆ ಬೋರವ್ವನ ನಮಸ್ಕಾರ.

ನೀವು ಕೇಡು ಬಯಸಿ ಮಾಡಿದ್ದಲ್ಲ ಎಂದು ತಿಳಿಯಿತು. ಅದಕ್ಕೇ ಮತ್ತೆ ‘ಅಣ್ಣ’ ಎಂದು ಬರೆದಿದ್ದೇನೆ. ಕೇಡು ಬಯಸಿದ್ದರೆ ಚೆನ್ನಾಗಿತ್ತು, ಮನಸ್ಸು ಬಿಚ್ಚಿ ಜಗಳಾಡುತ್ತಿದ್ದೆ. ಒಳ್ಳೆಯದು ಮಾಡಲು ಬಂದವರ ಜೊತೆ ಹೇಗೆ ಜಗಳಾಡುವುದು?

ಡ್ರೈವರು ಮಾಸ್ತರರು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆ. ನನ್ನ ಕಿವಿಗೆ ಬಿದ್ದದ್ದನ್ನೂ ಕೇಳಿ. ಸೀರೆ ಅಂಗಡಿಯ ಯಜಮಾನರು ಗಾದಿಯಿಂದ ಎದ್ದು ಬಂದು, “ಏನವಾ ಬೋರವ್ವ, ಅಮಸಿದ್ದಪ್ಪ ನಿನ್ನ ಮಾನ ಉಳಿಸಿದ ನೋಡ” ಎಂದರು. ನಳದ ಹತ್ತಿರ ನೀರಿಗೆ ನಿಂತ ಹುಡುಗಿಯರು ‘ಕೈಯ ಮುಗಿದಾಳ’ ಎಂದು ಹಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು. ಸುಮ್ಮನಾಗದಿದ್ದರೇ ಚೆನ್ನಾಗಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಬಾಜೂ ಮನೆಯ ಮಕ್ತುಮಬಿಯದು. ನನ್ನ ಹಾಡು ಕೇಳಲು ಗಂಡನ ಕೂಡ ಜಗಳಾಡಿ ಹುನಗುಂದದವರೆಗೆ ಬರುತ್ತಿದ್ದವಳು ಆಕೆ. ಮೊನ್ನೆ ಕ್ಯಾಸೆಟ್ಟು ಕೇಳಿ ಕಣ್ಣೊರೆಸಿಕೊಂಡು, “ಭಾಳ ಖರೆ ಹೇಳ್ಯಾನವ್ವ ಮುದುಕ. ದನಿ ಅವರದು, ಕಿವಿ ನಮ್ಮದು. ನಾವು ಹುಟ್ಟಿದ್ದ ಕೇಳಾಕಲ್ಲೇನ?” ಎಂದಳು. ಆಕೆಗೆ ಹಾಡು ಹಿಡಿಸಿದೆ, ಅಳು ಬರುವಷ್ಟು ಹಿಡಿಸಿದೆ. ಅದರ ಮೇಲೆ ಅದು ನಾನೇ ಹೇಳಿದ ಮಾತು ಎಂದು ತಿಳಿದುಕೊಂಡಿದ್ದಾಳೆ. ಇಷ್ಟು ವರ್ಷ ಆಕೆಯೆದುರು ನಿಂತು ನಾನು ಹಾಡಿದ್ದೆಲ್ಲ ಎಲ್ಲಿ ಹೋಯಿತು? ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಳುವುದಕ್ಕೂ ದನಿ ಬೇಕು, ಅಣ್ಣ. ಅದಿಲ್ಲದೆ ಅತ್ತರೆ ಹಗುರಾಗುವುದಿಲ್ಲ.

ದನಿಯನ್ನೆಲ್ಲ ಗಂಡಿಗೆ ಬರೆದುಕೊಟ್ಟು ಹೆಣ್ಣಿಗೆ ಕಿವಿ ಬಿಟ್ಟದ್ದು ಸಮವೇ? ಅದು ಹರದೇಶಿಯ ಜವಾಬು. ಅದಕ್ಕೆ ನನ್ನ ಸೀರೆ ಉಡಿಸಿದ್ದೀರಿ ಅಷ್ಟೆ. ನನ್ನ ಜವಾಬು ನನ್ನ ಹತ್ತಿರವಿದೆ. ಹುನಗುಂದದಲ್ಲಿ ಎದ್ದು ನಿಂತಾಗಲೇ ಇತ್ತು. ನನಗೆ ಉತ್ತರ ಗೊತ್ತಿರಲಿಲ್ಲ ಎಂದು ನಿಮಗೆ ಯಾರು ಹೇಳಿದರು? ಒಂದು ಮಾತು ಕೇಳಿದ್ದರೆ ಬರೆದು ತಿಳಿಸುತ್ತಿದ್ದೆ, ಉತ್ತರವನ್ನಲ್ಲ, ಉತ್ತರ ಇದೆ ಎಂಬುದನ್ನು. ಕೂಟಕ್ಕಿಂತ ಮೊದಲು ಜವಾಬು ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ, ಅದು ನಿಮಗೂ ಗೊತ್ತು.

ಹುನಗುಂದದ ಹಿರಿಯರಾದ ತಿಮ್ಮಣ್ಣನವರ ಬಳಿ ಸಿದ್ದವ್ವನನ್ನು ಕಳಿಸಿ, ಕೂಟ ಯಾವಾಗ ಕರೆಯುತ್ತೀರಿ ಎಂದು ಕೇಳಿಸಿದೆ. “ಜವಾಬು ಕ್ಯಾಸೆಟ್ಟಿನ್ಯಾಗ ಬಂದ ಹೋತಲ್ಲವಾ, ಇನ್ನ ಕೂಟ ಯಾತಕ?” ಎಂದರಂತೆ.

ಡಾಕ್ಟರರು ಏನೆಂದರು ಎಂದು ಕೇಳಿದ್ದಿರಿ. ಗಂಟಲಲ್ಲಿ ಗಡ್ಡೆಯಾಗಿದೆ. ಹುಬ್ಬಳ್ಳಿಗೆ ಹೋಗಿ ದನಿಪೆಟ್ಟಿಗೆಯನ್ನೇ ತೆಗೆಸಬೇಕಂತೆ. ತೆಗೆಸಿದರೆ ದನಿ ಹೋಗುತ್ತದೆ, ಜೀವ ಉಳಿದೀತು. ತಡಮಾಡಿದರೆ ಎರಡೂ ಹೋಗುತ್ತವೆ. ನಾನು ಹೋಗುವುದಿಲ್ಲ. ಜವಾಬು ಹೇಳದೆ ಹೋದರೆ ಈ ಸೀಮೆಯ ಜನಕ್ಕೆಲ್ಲ ಬೋರವ್ವನ ಕಡೆಯ ಮಾತು ಎಂದರೆ ನಿಮ್ಮ ಕ್ಯಾಸೆಟ್ಟಿನ ಮಾತು. ಅದನ್ನು ಬಿಟ್ಟು ಸತ್ತರೂ ನನಗೆ ನೆಮ್ಮದಿಯಿಲ್ಲ, ಬದುಕಿದರೂ ಇಲ್ಲ.

ಬೋರವ್ವ


ಬಾಗಲಕೋಟೆ
೧೪ ಮಾರ್ಚ್ ೧೯೮೪

ತಂಗಿ ಬೋರವ್ವ,

ಇಮಾಮಹುಸೇನನ ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ. ಗಂಟಲು ಎಂದು ಬರೆಯಲೂ ಈಗ ಹೆದರಿಕೆಯಾಗುತ್ತದೆ.

ಮೊದಲು ಇಲ್ಲಿಗೆ ಬಂದು, ಆ ಹಾಡು ಅಳಿಸಪ್ಪ ಎಂದೆ. ಇಮಾಮಹುಸೇನ ಒಳ್ಳೆಯವನು. “ಕಾಕಾ, ನಾ ಇವತ್ತ ಮಾರೂದ ನಿಲ್ಲಸ್ತೇನಿ. ಆದ್ರ ಒಯ್ದಾವ್ರು ಮಂದಿಗಿ ತುಂಬಿ ತುಂಬಿ ಕೊಟ್ಟಾರ. ಎಲ್ಲೆಲ್ಲಿ ಐತೋ ಏನೋ, ಯಾರ್ಯಾರ ಮನಿಗಿ ಹೋಗಿ ಅಳಸ್ತೀ?” ಎಂದ. ಕೂಟದಲ್ಲಿ ತಪ್ಪು ಹಾಡಿದರೆ ಮರುಗಳಿಗೆ ತಿದ್ದಬಹುದು. ಈ ಯಂತ್ರಕ್ಕೆ ಒಮ್ಮೆ ಹೇಳಿದ್ದು ಹೇಳಿದ್ದೇ.

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ಬಸ್ಸಿನಲ್ಲಿ ಅದೇ ಹಾಡು ಹತ್ತಿತ್ತು. ಏರಿ ನಿಂತು ಕೂಗಿ ಹೇಳಿದೆ: “ಇದು ಬೋರವ್ವನ ಜವಾಬಲ್ಲರಿ! ಆಕಿನ್ನ ಕೇಳಲಾರದ ನಾ ಕಟ್ಟೇನಿ. ತಪ್ಪ ಕಟ್ಟೇನಿ!” ಜನ ತಿರುಗಿ ನೋಡಿದರು. ಆಮೇಲೆ ಕಂಡಕ್ಟರ್, “ನೋಡ್ರೆಪಾ, ಹಾಡಿದಾತ ಇವರ! ಇಷ್ಟ ದೊಡ್ಡಾವ್ರಾಗಿ ಎಷ್ಟ ಸಣ್ಣಾಗಿ ಮಾತಾಡ್ತಾರ!” ಎಂದ. ಚಪ್ಪಾಳೆ ಬಿತ್ತು. ಒಬ್ಬ ಎದ್ದು ಸೀಟು ಕೊಟ್ಟ, ಇನ್ನೊಬ್ಬ ಕಿಟಕಿಯಿಂದ ಚಹಾ ತರಿಸಿದ. ಬೋರವ್ವ, ಆ ಚಹಾ ಕುಡಿದೆ. ಬೇಡವೆಂದರೆ ಅದಕ್ಕೂ ಹೊಗಳುತ್ತಿದ್ದರು.

ತುಳಸಿಗೇರಿಯಲ್ಲಿ ಹಣಮಪ್ಪನ ಗುಡಿಯ ಮುಂದೆ ನಿಂತು ಹೇಳಿದೆ. ಒಬ್ಬ ಹೆಣ್ಣುಮಗಳು ನನ್ನ ಕಾಲಿಗೆ ಬಿದ್ದಳು. ಮಾಸ್ತರರಿಗೆ ಕಾಗದ ಬರೆದೆ. ಅವರು, ಇಂಥ ವಿನಯ ನಿಮಗಲ್ಲದೆ ಯಾರಿಗೆ ಬಂದೀತು ಎಂದು ಉತ್ತರ ಬರೆದರು. ನಾನು ತಪ್ಪೆಂದಷ್ಟೂ ದೊಡ್ಡವನಾಗುತ್ತಿದ್ದೇನೆ, ನೀನು ಅಷ್ಟಷ್ಟು ಸಣ್ಣವಳಾಗುತ್ತಿದ್ದೀಯೆ. ಜೀವಮಾನವಿಡೀ ಜನ ನನ್ನ ಮಾತು ಕೇಳಲಿ ಎಂದು ಹಾಡಿದೆ. ಈಗ ಹೇಳಬೇಕಾದ ಒಂದೇ ಒಂದು ಮಾತಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿನ್ನ ಕಾಲು ಹಿಡಿಯುತ್ತೇನೆ, ಹುಬ್ಬಳ್ಳಿಗೆ ಹೋಗು. ತಿಮ್ಮಣ್ಣನ ಮನೆಯ ಮುಂದೆ ಕೂತು, ಕೂಟ ಕರೆಯದೆ ಏಳುವುದಿಲ್ಲ ಎಂದೆ. ಯುಗಾದಿ ಆದ ಮೇಲೆ, ಏಪ್ರಿಲ್ ಹದಿನೈದರ ಆದಿತ್ಯವಾರ ಹುನಗುಂದದಲ್ಲಿ ಹಗಲು ಕೂಟ ಎಂದು ಒಪ್ಪಿದ್ದಾನೆ. ದಪ್ಪು ಸಿದ್ದವ್ವನ ಕೈಗೆ ಕೊಡು, ನಿನ್ನ ಜವಾಬು ಅವಳು ಹಾಡಲಿ. ದಪ್ಪು ಕೊಟ್ಟ ಕೈ ಮತ್ತೆ ದಪ್ಪು ಹಿಡಿಯುವಂತಿಲ್ಲ ಎಂಬ ನಮ್ಮ ಕಟ್ಟಳೆ ನನಗೂ ಗೊತ್ತು.  ಆದರೂ ಬರೆಯುತ್ತಿದ್ದೇನೆ, ಕೊಡು. ಕೊಟ್ಟು ಅಲ್ಲಿಂದಲೇ ಹುಬ್ಬಳ್ಳಿಗೆ ಹೋಗು.

ನೀನು ಏನೇ ಜವಾಬು ಕಟ್ಟಿರಲಿ, ಒಪ್ಪಿಕೊಳ್ಳುತ್ತೇನೆ. ಜನರೆದುರು ತಲೆಯ ಪಟಕಾ ತೆಗೆದಿಟ್ಟು ಸೋತೆನೆನ್ನುತ್ತೇನೆ. ನಿನ್ನ ಹೆಸರು ನಿನಗೆ ತಿರುಗಿ ಬರುತ್ತದೆ.

ಅಮಸಿದ್ದಪ್ಪ


ಇಳಕಲ್
೨೫ ಮಾರ್ಚ್ ೧೯೮೪

ಅಣ್ಣನವರಿಗೆ,

ಕೂಟಕ್ಕೆ ಬರುತ್ತೇನೆ.

ನಾನೇ ಹಾಡಬೇಕೆಂದು ಇನ್ನೂ ಆಸೆಯಿತ್ತು. ಹಿತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ಹಾಡಿ ನೋಡಿದೆ. ಯಾರೋ ಕೋಳಿಯ ಕುತ್ತಿಗೆ ಹಿಚುಕುತ್ತಿದ್ದಾರೆ ಎಂದುಕೊಂಡು ಮಕ್ತುಮಬಿ ಓಡಿಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, ಹೋಗಿ ಕಷಾಯ ಕಾಸಿ ತಂದಳು. ಅಂದೇ ಸಿದ್ದವ್ವನನ್ನು ಕೂಡಿಸಿಕೊಂಡು ತುಟಿಯ ಸನ್ನೆಯಲ್ಲೂ ಪಾಟಿಯ ಮೇಲೆ ಬರೆದೂ ಜವಾಬು ಕಲಿಸಿದೆ. ಹುಡುಗಿಗೆ ದನಿ ಇದೆ. ಕೇಳುತ್ತ ಕೂತಾಗ ಒಮ್ಮೆ ಸಂತೋಷವಾಗುತ್ತದೆ, ಒಮ್ಮೆ ಆಕೆಯ ಬಾಯಿ ಮುಚ್ಚಬೇಕೆನ್ನಿಸುತ್ತದೆ. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ಆದರೆ ನಿಮ್ಮ ಕಾಗದದ ಕಡೆಯ ಮಾತು ಓದಿ ಮೈ ಉರಿಯಿತು. ಏನೇ ಜವಾಬಿರಲಿ ಒಪ್ಪಿಕೊಳ್ಳುತ್ತೀರಾ? ಕೇಳುವ ಮೊದಲೇ? ಕ್ಯಾಸೆಟ್ಟಿನಲ್ಲಿ ನನಗೆ ಜವಾಬು ದಾನ ಮಾಡಿದಿರಿ, ಈಗ ಗೆಲುವನ್ನೂ ದಾನ ಮಾಡುತ್ತೀರಾ? ನಿಮಗೆ ಇನ್ನೂ ತಿಳಿದಿಲ್ಲ, ಅಣ್ಣ. ನಾನು ಸೋಲಿಗೆ ಹೆದರುವವಳಲ್ಲ. ನನ್ನ ಎದುರಾಳಿ ನನ್ನನ್ನು ಪಾಪ ಅಂದ ನೋಡಿ, ಅದು ನನ್ನನ್ನು ಕೊಲ್ಲುತ್ತಿದೆ. ಗಡ್ಡೆ ಆಮೇಲಿನದು.

ಇನ್ನೊಂದು ವಿಷಯ ಬರೆಯಬಾರದೆಂದಿದ್ದೆ. ಆ ಸವಾಲು ನಿಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ, ನಿಮ್ಮ ಮನೆಯ ಬಾಗಿಲಲ್ಲಿ ಹುಟ್ಟಿದ್ದು. ನಿಮ್ಮ ಮನೆಯಾಕೆ ಸೋಮವ್ವ ಬದುಕಿದ್ದಾಗ ಒಮ್ಮೆ ನನ್ನ ಕೂಡ ಜೋಳ ಹಸನು ಮಾಡುತ್ತ ಹೇಳಿದ್ದಳು. ಒಂದೇ ಒಂದು ಕೂಸು ಹುಟ್ಟಿತಂತೆ, ಅಳಲೇ ಇಲ್ಲವಂತೆ. ನೀವು ಬಾಗಿಲ ಹೊರಗೆ ನಿಂತು, “ಅತ್ತಿತೇನ? ಅತ್ತಿತೇನ?” ಎಂದು ಕೇಳುತ್ತಲೇ ಇದ್ದಿರಂತೆ.

ನನ್ನ ಜವಾಬು ಕೇಳಿದ ಕೂಡಲೇ ನಿಮಗೆ ಅದೇ ನೆನಪಾಗುತ್ತದೆ. ಅದರಲ್ಲಿ ನನ್ನ ಜವಾಬನ್ನು ಮುರಿಯುವ ಮಾತಿದೆ. ಸಿದ್ದವ್ವನ ಹತ್ತಿರವಾಗಲಿ ನನ್ನ ಹತ್ತಿರವಾಗಲಿ ಅದಕ್ಕೆ ಉತ್ತರವಿಲ್ಲ. ಆ ಮಾತು ನುಂಗಬೇಡಿ. ಸೋಮವ್ವನ ಆಣೆ, ಇದ್ದದ್ದನ್ನೆಲ್ಲ ಹಾಡಿ. ಅದರಿಂದ ಸೋತರೆ ಆ ಸೋಲು ನನ್ನದು, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ನೀವು ಸುಮ್ಮನೆ ಕೂತು ನನ್ನನ್ನು ಗೆಲ್ಲಿಸಿದಿರೋ, ಹುಬ್ಬಳ್ಳಿಯಲ್ಲಿ ಮೇಜಿನ ಮೇಲೆ ಮಲಗುವುದಿಲ್ಲ. ಎದ್ದು ಮನೆಗೆ ಬರುತ್ತೇನೆ.

ಬೋರವ್ವ


ಹುನಗುಂದ
೧೫ ಏಪ್ರಿಲ್ ೧೯೮೪, ಸಂಜೆ

ತಂಗಿ ಬೋರವ್ವ,

ನಿನ್ನನ್ನು ಜೀಪಿನಲ್ಲಿ ಹಾಕಿಕೊಂಡು ಹೋದ ಮೇಲೆ ಏನಾಯಿತು ಎಂದು ಬರೆಯಬೇಕು. ಬೇಗ ಬರೆದು ನಾಳೆ ಹುಬ್ಬಳ್ಳಿಗೆ ಬರುವ ಸಿದ್ದವ್ವನ ಕೈಗೆ ಕೊಡುತ್ತೇನೆ.

ನೀನು ದಪ್ಪು ಅವಳ ಕೈಗೆ ಕೊಟ್ಟದ್ದನ್ನು ಬಯಲಿಗೆ ಬಯಲೇ ನೋಡಿತು. ಸವಾಲು ನಾನೇ ಮತ್ತೆ ಹಾಡಿದೆ. ನೀನು ಕೆಮ್ಮಿ ಸೆರಗಿಗೆ ರಕ್ತ ಬಂದದ್ದು ಆಗಲೇ. ನಿನ್ನ ತಮ್ಮ ಎತ್ತಿಕೊಂಡು ಹೋಗುವಾಗ ನೀನು ತಿರುಗಿ ತಿರುಗಿ ನೋಡುತ್ತಿದ್ದೆ. ಜನ ಎದ್ದು ನಿಂತರು. ಕೂಟ ಮುರಿಯಿತು ಎಂದುಕೊಂಡೆ. ಸಿದ್ದವ್ವ ಒಬ್ಬಳೇ ನಿಂತಿದ್ದಳು, ಕಣ್ಣಲ್ಲಿ ನೀರು. ನಿಂತಲ್ಲಿಂದಲೇ ಜವಾಬು ಎತ್ತಿಕೊಂಡಳು.

ಹಡಿಯುವ ಹೊತ್ತಿನ್ಯಾಗ ತಾಯಿ ಕೂಗ್ಯಾಳ ನೋಡ,
ಆ ಕೂಗ ಹಿಡಕೊಂಡ ಬಂತ ಕೂಸ,
ಬಾಗಿಲ ಹೊರಗ ನಿಂತಾವ ಗಂಡಸ,
ಅದರಾಗ ನಿನ್ನ ದನಿ ಯಾವುದ ತೋರ್ಸ.
ಬಾಯಿಲ್ಲದಾಕಿ ಅಂದೀರಿ ಮಂದಿ,
ಇದು ಇಳಕಲ್ಲ ಬೋರವ್ವನ ಮಾತ ಖಾಸ.

ಜನ ಕೂತುಬಿಟ್ಟರು, ತಂಗಿ. ಒಂದು ಚಪ್ಪಾಳೆಯಿಲ್ಲ, ಭಲೇ ಇಲ್ಲ. ಹೆಂಗಸರ ಕಡೆಯಿಂದ ಮೊದಲು ಒಂದು ದನಿ ಬಂತು. ನಿಮ್ಮ ಮಕ್ತುಮಬಿ. “ಹೌದವ್ವ! ಕೂಗೇನಿ! ಏಳ ಸರ್ತಿ ಕೂಗೇನಿ! ಯಾರ ಕೇಳಿದ್ರ?” ಎಂದು ಎದೆ ಬಡಿದುಕೊಂಡಳು. ಆಮೇಲೆ ಹೆಂಗಸರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ತಿಮ್ಮಣ್ಣನಿಗೆ ಅವರನ್ನು ಸುಮ್ಮನಿರಿಸಲು ಸಾಕುಸಾಕಾಯಿತು. “ಕ್ಯಾಸೆಟ್ಟಿನ್ಯಾಗ ಬಂದದ್ದು ಹಂಗಾರ ಆಕಿದಲ್ಲ?” ಎಂದು ಗಂಡಸೊಬ್ಬ ಕೇಳಿದ. ಅದನ್ನು ಕೇಳಲಿಕ್ಕೇ ನಾನು ಊರೂರು ಅಲೆದಿದ್ದೆ.

ಆಮೇಲೆ ನನ್ನ ಸರದಿ.

ಬೋರವ್ವ, ಈಗ ಬರೆಯುವುದನ್ನು ನೀನು ನಂಬುವುದಿಲ್ಲ ಎಂದು ಗೊತ್ತು. ನಾನು ನಿನ್ನ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ. ನಾನು ಎದ್ದೆ. ಸೋಮವ್ವನ ಆಣೆ ಇಟ್ಟಿದ್ದೀಯೆ, ಬಿಟ್ಟುಕೊಡಲು ಎದ್ದವನಲ್ಲ. ನೀನು ಹೇಳಿದಂತೆ ನನಗೆ ಅದೇ ನೆನಪಾಗಿತ್ತು, ನುಡಿಯೂ ಅಲ್ಲೇ ಕೂಡಿ ಬಂದಿತ್ತು. ತಾಯಿ ಊರೆಲ್ಲ ಕೇಳುವಂತೆ ಕೂಗಿದಳು, ಕೂಸು ಬಂತು, ಕೂಗಲಿಲ್ಲ. ಹಾಗಾದರೆ ಆ ಕೂಗು ಎಲ್ಲಿ ಹೋಯಿತು ಹೇಳು ಎಂದು ಹಾಡಬೇಕಿತ್ತು. ಗೆಲ್ಲುವ ನುಡಿ. ಕಟ್ಟುವವನಿಗೆ ಅದು ಗೊತ್ತಾಗುತ್ತದೆ.

‘ಕೂಗ್ಯಾಳ ತಾಯಿ’ ಎಂದು ಎತ್ತಿಕೊಂಡೆ. ಅಲ್ಲಿಗೇ ನಿಂತಿತು. ‘ಕೂಸ ಬಂತ’ ಎನ್ನಲು ಬಾಯಿ ತೆರೆದರೆ ಬರಲಿಲ್ಲ. ಮತ್ತೆ ಎತ್ತಿಕೊಂಡೆ, ಮತ್ತೆ ಅಲ್ಲಿಗೇ ನಿಂತಿತು. ಸೋಮವ್ವ ಇದ್ದಷ್ಟು ದಿನ ಆ ಕೂಸಿನ ಮಾತೆತ್ತಲಿಲ್ಲ, ನಾನು. ಆಕೆ ನಿನ್ನ ಹತ್ತಿರ ಹೇಳಿಕೊಂಡಿದ್ದಳು, ನನ್ನ ಹತ್ತಿರ ಹೇಳಲಿಲ್ಲ. ನಾನು ಕೇಳಲೇ ಇಲ್ಲ. ಅದನ್ನು ಸವಾಲು ಮಾಡಿ ಊರೂರಿಗೆ ಕೇಳಿಸಿದೆ. ಬಯಲಿನಲ್ಲಿ ಅಷ್ಟು ಜನರೆದುರು ಅದು ತಿಳಿಯಿತು.

ಜನ ಕಾದರು. ನಾನು ವಾಯಿದೆ ಕೇಳಬಹುದಿತ್ತು, ಕೇಳಲಿಲ್ಲ. ತಿಮ್ಮಣ್ಣ ಎದ್ದು ನಾಗೇಶಿ ಗೆದ್ದಿತು ಎಂದ.

ನಾನು ಬೇಕೆಂದು ಸೋತಿಲ್ಲ. ಹೇಗೆ ಹೇಳಿದರೆ ನಂಬುತ್ತೀಯೆ? ಒಮ್ಮೆ ದಾನ ಮಾಡಿ ಕೆಟ್ಟೆ, ಈಗ ಖರೆ ಹೇಳಿದರೂ ದಾನದ ಹಾಗೇ ಕಾಣುತ್ತದೆ. ಸಿದ್ದವ್ವನನ್ನು ಕೇಳು. ಯಾರನ್ನಾದರೂ ಕೇಳು. ಆದರೆ ಆ ಮೇಜಿನಿಂದ ಎದ್ದು ಬರಬೇಡ. ಅದೊಂದನ್ನು ಮಾಡಬೇಡ. ಸಂಜೆಯಾಗಿದೆ, ನೀನು ಎಲ್ಲಿಯವರೆಗೆ ಹೋಗಿದ್ದೀಯೋ, ಇದ್ದೀಯೋ ಇಲ್ಲವೋ ಅದೂ ಗೊತ್ತಿಲ್ಲ. ತಲೆ ಕೆಟ್ಟಂತಾಗಿದೆ.

ಅಮಸಿದ್ದಪ್ಪ


ಹುಬ್ಬಳ್ಳಿ, ದವಾಖಾನೆ
೬ ಮೇ ೧೯೮೪

ಅಣ್ಣ ಅಮಸಿದ್ದಪ್ಪನವರಿಗೆ ಬೋರವ್ವನ ನಮಸ್ಕಾರ.

ಇದ್ದೇನೆ. ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದಾರೆ. ಉಸಿರು ಅಲ್ಲಿಂದ ಆಡುತ್ತದೆ. ಬಾಯಿ ಉಣ್ಣುವುದಕ್ಕೆ ಮಾತ್ರ. ಹೆಚ್ಚು ಹೊತ್ತು ಕೂತು ಬರೆಯಲಾಗುವುದಿಲ್ಲ, ಅದಕ್ಕೇ ತಡವಾಯಿತು.

ಪಕ್ಕದ ಹಾಸಿಗೆಯವಳ ಮಗ ಒಂದು ಟೇಪು ತಂದಿಟ್ಟಿದ್ದಾನೆ. ಅದರಲ್ಲಿ ನಿಮ್ಮ ಕ್ಯಾಸೆಟ್ಟು. ಕಡೆಯ ಹಾಡು ಬಂದಾಗ ನಿಲ್ಲಿಸು ಎಂದು ಹೇಳಲು ದನಿ ಇರಲಿಲ್ಲ, ಪೂರ್ತಿ ಕೇಳಿದೆ. ಹಾಡಿದ್ದು ಚೆನ್ನಾಗಿದೆ. ಮಾತು ಇನ್ನೂ ತಪ್ಪೇ. ಇಮಾಮಹುಸೇನ ಹುನಗುಂದದ ಕೂಟವನ್ನೂ ತುಂಬಿಕೊಂಡಿದ್ದಾನೆ ಎಂದು ಸಿದ್ದವ್ವ ಹೇಳಿದಳು. ಅದನ್ನು ಎಷ್ಟು ಮಂದಿ ಕೇಳುತ್ತಾರೋ ನೋಡೋಣ. ಎಲ್ಲರಿಗೂ ಮುಟ್ಟುವುದಿಲ್ಲ, ನನಗೆ ಗೊತ್ತು. ಸಾಯುವವರೆಗೆ ಯಾರಾದರೂ ಒಬ್ಬರು ನನ್ನನ್ನು ನೋಡಿ ‘ಕೈಯ ಮುಗಿದಾಳ’ ಎನ್ನುತ್ತಲೇ ಇರುತ್ತಾರೆ.

ಇಲ್ಲಿಗೆ ಬಂದ ಮರುದಿನ ನಿಮ್ಮ ಕಾಗದ ಓದಿದೆ. ನಂಬಲಿಲ್ಲ. ಮುದುಕ ಮತ್ತೆ ನಾಟಕ ಮಾಡಿದ ಎಂದುಕೊಂಡೆ. ನರ್ಸು ಸೂಜಿ ತಂದಾಗ ಕೈ ಹಿಂದೆಳೆದುಕೊಂಡೆ, ಚೀಲ ಕಟ್ಟು ಎಂದು ಸಿದ್ದವ್ವನಿಗೆ ಸನ್ನೆ ಮಾಡಿದೆ. ಹುಡುಗಿ ಅತ್ತಳು. ಆಮೇಲೆ ಪಾಟಿಯ ಮೇಲೆ ಒಂದೇ ಪ್ರಶ್ನೆ ಬರೆದು ತೋರಿಸಿದೆ: ದನಿ ನಿಂತಾಗ ದಪ್ಪಿನ ಮೇಲಿದ್ದ ಅವರ ಕೈ ನಿಂತಿತೋ?

“ಇಲ್ಲವ್ವ. ಕೈ ಬಾರಿಸ್ಕೋತನ ಇತ್ತ. ಮಂದಿ ಎದ್ದ ಹೊಂಟರೂ ಬಾರಿಸ್ಕೋತನ ನಿಂತಿದ್ರ” ಎಂದಳು.

ಬೇಕೆಂದು ನಿಲ್ಲಿಸುವವನು ಕೈಯನ್ನೂ ನಿಲ್ಲಿಸುತ್ತಾನೆ, ಅಣ್ಣ. ದನಿ ಈಗ ಬಂದೀತು, ಇನ್ನೊಂದು ಸುತ್ತಿಗೆ ಬಂದೀತು ಎಂದು ಕಾಯುವವನ ಕೈ ಮಾತ್ರ ಬಾರಿಸುತ್ತಲೇ ಇರುತ್ತದೆ. ಇದು ನನಗೆ ಹೇಗೆ ಗೊತ್ತೆಂದು ನೀವು ಕೇಳುವುದಿಲ್ಲ. ಸಿದ್ದವ್ವನಿಗೆ ಚೀಲ ಬಿಚ್ಚಲು ಹೇಳಿ ನರ್ಸಿಗೆ ಕೈ ಕೊಟ್ಟೆ.

ಸೋಮವ್ವನ ಕೂಸಿನ ವಿಷಯ ನಾನು ಬರೆಯಬಾರದಿತ್ತು ಎಂದು ಈಗ ಅನ್ನಿಸುವುದಿಲ್ಲ. ಬರೆಯಬೇಕಿತ್ತು. ನೀವು ಒಬ್ಬರೇ ಇರುವಾಗ ಅದಕ್ಕೊಂದು ಹೆಸರಿಟ್ಟು ಒಮ್ಮೆ ಕರೆಯಿರಿ.

ನೀವು ಸೋತಿರಿ. ನಾನು ಗೆದ್ದೆ. ಇದನ್ನು ಹುನಗುಂದದ ಬಯಲಿನಲ್ಲಿ ನಿಂತು ಕೂಗಿ ಹೇಳಬೇಕೆಂದು ನನಗೆ ಎಷ್ಟು ಆಸೆಯಿತ್ತು.

ಬೋರವ್ವ